ಗೃಹಪ್ರವೇಶಕ್ಕೆ ಬಂದ ಮಿಕ್ಸಿ ಮೂರೇ ದಿನಕ್ಕೆ ಸುಟ್ಟೋಯ್ತು, ಮಾವನ ಹತ್ರ ಬಿಲ್ ಕೇಳೋದ್ ಹೇಗೆ?

ಒಗ್ಗರಣೆ_ಮೈಸೂರು
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ ಬೇಜಾರ್ ಮಾಡ್ಕೋಬೇಡಿ. ಹೋದ ತಿಂಗಳು ನಮ್ಮನೆ ಗೃಹಪ್ರವೇಶ ಆಯ್ತು, ಕಾರ್ಡಲ್ಲಿ ‘ಆಶೀರ್ವಾದವೇ ಉಡುಗೊರೆ’ ಅಂತ ದಪ್ಪಕ್ಷರದಲ್ಲಿ ಹಾಕ್ಸಿದ್ವಿ, ಆದ್ರೂ ಬಂದಿದ್ದು ಮೂರು ಗೋಡೆ ಗಡಿಯಾರ, ಎರಡು ಡಿನ್ನರ್ ಸೆಟ್ಟು, ಐದು ಹಾಟ್‌ಬಾಕ್ಸು, ಬ್ಲೌಸ್ ಪೀಸಂತೂ ಲೆಕ್ಕಾನೇ ಇಲ್ಲ, ಮತ್ತೆ ತುಮಕೂರಿನ ನಮ್ಮ ಸೋದರಮಾವ ಕೊಟ್ಟ 750 ವ್ಯಾಟ್‌ದು ಒಂದು ಮಿಕ್ಸಿ. ಅದನ್ನ ನಂಬ್ಕೊಂಡು ನನ್ನ ಹಳೇ ಮಿಕ್ಸಿನ ಮನೆಗೆ ಕೆಲಸಕ್ಕೆ ಬರೋ ಅಕ್ಕನಿಗೆ ಕೊಟ್ಬಿಟ್ಟೆ.

ಹೊಸದನ್ನ ಡಬ್ಬದಿಂದ ತೆಗೆದಿದ್ದೇ ಸೋಮವಾರ. ಗುರುವಾರ ಬೆಳಿಗ್ಗೆ ದೋಸೆಗೆ ಕಾಯಿಚಟ್ನಿ ರುಬ್ತಾ ಇದ್ದೆ, ಅದೂ ಅರ್ಧ ಹೋಳು ಕಾಯಿ ಅಷ್ಟೇ, ಟರ್ರ್ ಅಂತ ಒಂದು ಸದ್ದು ಬಂತು, ಬುಡದಿಂದ ಹೊಗೆ, ಅಡಿಗೆಮನೆ ತುಂಬ ಸುಟ್ಟ ವೈರಿನ ವಾಸನೆ. ಜಾರ್ ಎತ್ತಿ ನೋಡಿದ್ರೆ ಬುಷ್ (ಜಾರ್ ಬುಡದಲ್ಲಿ ಬ್ಲೇಡ್ ಕಡ್ಡಿ ತಿರುಗೋ ಜಾಗ) ಹತ್ರ ಸೋರಿ ಕಪ್ಲರ್ (ಮೋಟರ್ ಮೇಲೆ ಜಾರ್ ಕೂರೋ ಬಿಲ್ಲೆ) ಸುತ್ತ ಚಟ್ನಿ ನೀರು ನಿಂತಿದೆ.

ವಾರಂಟಿ ಕಾರ್ಡ್ ಡಬ್ಬದಲ್ಲೇ ಇದೆ ಆದ್ರೆ ಖಾಲಿ, ಅಂಗಡಿ ಸೀಲೂ ಇಲ್ಲ ಡೇಟೂ ಇಲ್ಲ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದ್ರೆ ‘ಬಿಲ್ ಇದ್ರೆ ತನ್ನಿ ಮೇಡಂ, ಇಲ್ಲಾಂದ್ರೆ ಮೋಟರ್ ಚಾರ್ಜ್ ಬೀಳುತ್ತೆ’ ಅಂದ್ರು. ನಮ್ಮ ಯಜಮಾನ್ರು ಬೇರೆ, ‘ದುಡ್ಡು ಕೊಟ್ಟಿರೋರು ನೀನಾ? ಗಿಫ್ಟ್ ತಾನೆ, ಕೇಳೋ ಹಕ್ಕೆಲ್ಲಿದೆ’ ಅಂತ ಪೇಪರ್ ಓದ್ತಾ ಕೂತಿದಾರೆ. ನನ್ ಪ್ರಶ್ನೆ ಎರಡು. ಒಂದು, ನಿಜವಾಗ್ಲೂ ನಂಗೆ ಹಕ್ಕಿಲ್ವಾ? ಎರಡು, ಮಾವನ್ನ ಬಿಲ್ ಕೇಳೋದ್ ಹೇಗೆ? ಅವರು ರಿಟೈರ್ ಆಗಿರೋರು, ಕೆಟ್ಟೋಯ್ತು ಅಂತ ಗೊತ್ತಾದ್ರೆ ನಾಳೆನೇ ಇನ್ನೊಂದು ಮಿಕ್ಸಿ ತಗೊಂಡು ಬಸ್ ಹತ್ತಿ ಬಂದ್ಬಿಡ್ತಾರೆ, ಅದೇ ನನ್ ಭಯ.

ರಾಗಿರೊಟ್ಟಿ_77
ಮೊದ್ಲು ಮಿಕ್ಸಿ ಬುಡ ಮೇಲೆ ಮಾಡಿ ನೋಡಿ, ಒಂದು ಕೆಂಪು ಬಟನ್ ಇರುತ್ತೆ, ಓವರ್‌ಲೋಡ್ ಆದ್ರೆ ಅದು ಟ್ರಿಪ್ ಆಗಿರುತ್ತೆ, ಒತ್ತಿದ್ರೆ ಸರಿಹೋಗುತ್ತೆ. ಅರ್ಧ ಜನ ಇದು ಗೊತ್ತಿಲ್ದೆ ರಿಪೇರಿಗೆ ಕೊಟ್ಟು ಇನ್ನೂರು ಮುನ್ನೂರು ಕಳ್ಕೋತಾರೆ.

ಒಗ್ಗರಣೆ_ಮೈಸೂರು
ಒತ್ತಿದೆ ಸಾರ್, ಅರ್ಧ ಗಂಟೆ ತಣ್ಣಗಾಗೋಕ್ ಬಿಟ್ಟು ಮತ್ತೆ ಒತ್ತಿದೆ. ಉಸಿರೇ ಇಲ್ಲ.

ಗೊರವನಹಳ್ಳಿ_ಬಸ್ಸು
‘ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ’ ಅಂತ ಗಾದೆ ಇದೆ, ಸುಮ್ನೆ ಹೇಳ್ದೆ 😀 ಪುಕ್ಕಟೆ ಬಂದಿದ್ದಕ್ಕೆ ಗ್ರಾಹಕರ ಹಕ್ಕು ಅಂದ್ರೆ ಹೇಗೆ ಮೇಡಂ, ಕೊಂಡೋರು ಕೇಳಬೇಕು, ನೀವು ಕೊಂಡಿಲ್ಲ.

ಲಾಯರಲ್ಲ_ಗುಮಾಸ್ತ
ಗಾದೆ ಚೆನ್ನಾಗಿದೆ, ಕಾನೂನು ತಪ್ಪಾಗಿದೆ. ನಾನು ವಕೀಲರ ಆಫೀಸಲ್ಲಿ ಹನ್ನೆರಡು ವರ್ಷದಿಂದ ಗ್ರಾಹಕರ ಕೇಸಿನ ಫೈಲ್ ಕಟ್ತಾ ಇದೀನಿ, ಲಾಯರ್ ಅಲ್ಲ, ಅದಕ್ಕೇ ಫೀಸು ಇಲ್ಲದೆ ಹೇಳ್ತೀನಿ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಕಲಂ 2(7). ಗ್ರಾಹಕ ಅಂದ್ರೆ ಯಾರು ಅಂತ ಅಲ್ಲಿ ಬರೆದಿದೆ. ದುಡ್ಡು ಕೊಟ್ಟು ಸಾಮಾನು ತಗೊಂಡೋರು ಗ್ರಾಹಕರು, ಅಷ್ಟೇ ಅಲ್ಲ, ತಗೊಂಡೋರ ಒಪ್ಪಿಗೆಯಿಂದ ಆ ಸಾಮಾನನ್ನ ಬಳಸ್ತಿರೋರೂ ಗ್ರಾಹಕರೇ. ಮಾವ ರಿಬ್ಬನ್ ಕಟ್ಟಿ ಕೈಗೆ ಕೊಟ್ಟು ಫೋಟೋಗೆ ನಿಂತ್ಕೊಂಡಿದಾರಲ್ಲ, ಅದಕ್ಕಿಂತ ದೊಡ್ಡ ಒಪ್ಪಿಗೆ ಏನ್ ಬೇಕು? ಇದೇನು ಹೊಸ ವಿಷಯಾನೂ ಅಲ್ಲ, 1986ರ ಹಳೇ ಕಾಯ್ದೆಯಲ್ಲೂ ಇದೇ ಮಾತಿತ್ತು. ಗ್ರಾಹಕ ಅಲ್ಲದೇ ಇರೋದು ಯಾರು ಅಂದ್ರೆ ವಾಪಸ್ ಮಾರೋಕೆ ತಗೊಂಡೋರು, ವ್ಯಾಪಾರಕ್ಕೆ ಅಂತ ತಗೊಂಡೋರು. ಚಟ್ನಿ ರುಬ್ಬೋರಲ್ಲ.

ಯಜಮಾನ್ರಿಗೆ ಪೇಪರ್ ಪಕ್ಕಕ್ಕಿಟ್ಟು ಇದನ್ನ ಓದೋಕೆ ಹೇಳಿ.

ಒಗ್ಗರಣೆ_ಮೈಸೂರು
ಓದಿಸ್ದೆ. ‘ಹಂಗಾದ್ರೆ ಬಿಲ್ ಎಲ್ಲಿ’ ಅಂದ್ರು. ಮತ್ತೆ ಪೇಪರ್.

ಅಂಗಡಿ_ಮಾವ
ಹಾಸನದಲ್ಲಿ ನಂದು ಗೃಹೋಪಯೋಗಿ ಸಾಮಾನಿನ ಅಂಗಡಿ, ಸುಮಾರು ಇಪ್ಪತ್ತು ವರ್ಷ ಆಯ್ತು. ಎಲ್ರೂ ಅಂಗಡಿಯೋರನ್ನ ಬೈಯೋಕ್ ಮುಂಚೆ ನಮ್ಮ ಕಷ್ಟಾನೂ ಕೇಳಿ. ಮದುವೆ ಸೀಸನ್ನಲ್ಲಿ ಗಿಫ್ಟಿಗೆ ಅಂತ ಬರೋರು ಮೊದ್ಲು ಕೇಳೋದೇ ‘ರೇಟ್ ಸ್ಟಿಕರ್ ಕಿತ್ತಾಕಿ, ಬಿಲ್ ಒಳಗೆ ಹಾಕಬೇಡಿ, ಬಣ್ಣದ ಪೇಪರ್ ಚೆನ್ನಾಗಿರೋದು ಸುತ್ತಿ’. ನಾನು ಸೀಲ್ ಹಾಕಿ ಕೊಡ್ತೀನಿ ಅಂದ್ರೆ ‘ಮುಹೂರ್ತಕ್ಕೆ ಲೇಟಾಯ್ತು, ಹಾಗೇ ಕೊಡಿ’. ತಿಂಗಳಾದ್ಮೇಲೆ ಮದುಮಗಳ ಅಣ್ಣ ಸುಟ್ಟ ಮಿಕ್ಸಿ ತಂದು ಕೌಂಟರ್ ಮೇಲೆ ಕುಕ್ಕಿ ‘ನಿಮ್ಮಂಗಡೀದೇ’ ಅಂತಾನೆ. ನಂದೇ ಇರಬಹುದು, ಪಕ್ಕದ ಬೀದಿಯವನದೂ ಇರಬಹುದು, ಅದೇ ಕಂಪನಿ ಮಾಲು ಈ ಊರಲ್ಲಿ ಆರು ಜನ ಮಾರ್ತೀವಿ.

ಒಂದು ವಿಷಯ ಹೇಳ್ತೀನಿ, ಎಷ್ಟು ಜನಕ್ಕೆ ಗೊತ್ತೋ ಗೊತ್ತಿಲ್ಲ. ವಾರಂಟಿ ಕಾರ್ಡಲ್ಲಿ ಮಾಡೆಲ್ಲು, ಸೀರಿಯಲ್ ನಂಬರು, ತಾರೀಖು, ಅಂಗಡಿ ಸೀಲು ಇರುತ್ತೆ. ರೇಟು ಇರಲ್ಲ! ಕೊಡೋರಿಗೆ ಬೆಲೆ ತೋರ್ಸೋಕೆ ಮುಜುಗರ ಅಂದ್ರೆ ಬಿಲ್ ನೀವೇ ಇಟ್ಕೊಳಿ, ಸೀಲ್ ಹಾಕ್ಸಿದ ವಾರಂಟಿ ಕಾರ್ಡ್ ಡಬ್ಬದೊಳಗೆ ಹಾಕಿ. ಎರಡು ನಿಮಿಷದ ಕೆಲ್ಸ.

ಪೇಡೆ_ಧಾರವಾಡ
ಅಲ್ರೀ ಅಂಗಡಿ ಮಾವಾರ, ಬಿಲ್ ಬ್ಯಾಡ ಅಂದ್ರ ಕೊಡಾಂಗಿಲ್ಲ ಅನ್ನೂದು ಹೆಂಗ್ರೀ? ನಮ್ಮ ಕಡೆ ಆಯೇರಿ ಅಂತ ಸೀರಿ ಕೊಡ್ತಾರ, ನನ್ನ ತಂಗಿ ಮದುವಿಗೆ ಹದಿನೆಂಟು ಸೀರಿ ಬಂದ್ವು, ಅದ್ರಾಗ ಐದು ಒಂದ ಬಣ್ಣ, ಗಿಳಿ ಹಸಿರು. ಬದಲಿ ಮಾಡ್ಕೊಂಡ ಬರೂಣು ಅಂತ ಅಂಗಡಿಗೆ ಹೋದ್ರ ಗ್ವಾಡಿ ಮ್ಯಾಲೆ ದೊಡ್ಡ ಬೋರ್ಡು, ‘ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’. ಇದು ಕಾನೂನು ಪ್ರಕಾರ ಖರೇನ?

ಲಾಯರಲ್ಲ_ಗುಮಾಸ್ತ
ಅಕ್ಕಾ, ಇಲ್ಲಿ ಎರಡು ವಿಷಯ ಬೇರೆ ಬೇರೆ ಮಾಡ್ಕೋಬೇಕು, ಎಲ್ರೂ ಗೊಂದಲ ಮಾಡ್ಕೊಳೋದು ಇಲ್ಲೇ.

ಮಿಕ್ಸಿ ಸುಟ್ಟಿದ್ದು ದೋಷ. ಸೀರೆ ಗಿಳಿ ಹಸಿರಾಗಿರೋದು ದೋಷ ಅಲ್ಲ, ಅದು ನಿಮ್ಮ ದುರದೃಷ್ಟ. ದೋಷ ಇದ್ರೆ ಆ ಬೋರ್ಡಿಗೆ ಕಾಸಿನ ಬೆಲೆ ಇಲ್ಲ. ಕಲಂ 2(47)ರಲ್ಲಿ ಅನುಚಿತ ವ್ಯಾಪಾರ ಪದ್ಧತಿ ಅಂತ ಒಂದು ಪಟ್ಟಿ ಇದೆ, ಅದ್ರಲ್ಲಿ ಬಿಲ್ ಕೊಡದೇ ಇರೋದೂ ಇದೆ, ದೋಷ ಇರೋ ಮಾಲನ್ನ ವಾಪಸ್ ತಗೊಂಡು ದುಡ್ಡು ಹಿಂತಿರುಗಿಸೋಕೆ ಒಪ್ಪದೇ ಇರೋದೂ ಇದೆ. ಬಿಲ್ಲಲ್ಲಿ ಎಷ್ಟು ದಿನ ಅಂತ ಹಾಕಿದಾರೋ ಅಷ್ಟು ದಿನ, ಏನೂ ಹಾಕಿಲ್ಲ ಅಂದ್ರೆ 30 ದಿನ. ಹಾಗಾಗಿ ‘ಗಿರಾಕಿನೇ ಬೇಡ ಅಂದ್ರು’ ಅನ್ನೋದು ಬಿಲ್ ಕೊಡದೇ ಇರೋದಕ್ಕೆ ನೆಪ ಆಗಲ್ಲ ಅಂಗಡಿ ಮಾವ, ಬಿಲ್ ಹಾಕಿ ಅವರ ಜೇಬಿಗಿಡಿ.

ಆದ್ರೆ ಇಷ್ಟ ಆಗ್ಲಿಲ್ಲ, ಬಣ್ಣ ಹಿಡಿಸ್ಲಿಲ್ಲ, ಎರಡೆರಡು ಬಂತು ಅಂದ್ರೆ ವಾಪಸ್ ತಗೊಳ್ಳಲೇಬೇಕು ಅನ್ನೋ ಕಾನೂನು ನಮ್ಮಲ್ಲಿಲ್ಲ. ಅಲ್ಲಿ ಅಂಗಡಿಯವನ ಮಾತೇ ಕಾನೂನು. ಅವನೇ ಬಿಲ್ಲಲ್ಲಿ ‘7 ದಿನದೊಳಗೆ ಬದಲಾವಣೆ’ ಅಂತ ಛಾಪಿಸಿ ಆಮೇಲೆ ಇಲ್ಲ ಅಂದ್ರೆ ಆಗ ಹಿಡ್ಕೋಬಹುದು.

ಪೇಡೆ_ಧಾರವಾಡ
ಹಂಗಾದ್ರ ಗಿಳಿ ಹಸಿರು ನಮ್ಮ ಹಣೆಬರಾ. ಕಡಿಗೆ ಮಾಲಕರಿಗೆ ಕೈ ಮುಗದ ಕೇಳಿದ್ವಿ, ಮೂರು ತಗೊಂಡ್ರು, ರೊಕ್ಕ ಕೊಡಲಿಲ್ಲ, ಬ್ಯಾರೆ ಸೀರಿ ಕೊಟ್ರು. ನಾಕನೇದಕ್ಕ ನಮ್ಮವ್ವ ಗಡಿಬಿಡಿಯೊಳಗ ಫಾಲ್ ಹಚ್ಚಿಸಿಬಿಟ್ಟಿದ್ಲು, ಐದನೇದರ ಬ್ಲೌಸ್ ಪೀಸ್ ಕತ್ತರಿಸಿ ಆಗಿತ್ತು. ಅವೆರಡು ಈಗ ಮುಂದಿನ ಮದುವಿಗೆ ಕಾಯಾಕತ್ತಾವ.

ಲೆಸ್ಟರ್_ಕನ್ನಡಿಗ
ನಾನು ಇಂಗ್ಲೆಂಡಲ್ಲಿರೋದು, ಇಲ್ಲಿ ಇದರ ಉಲ್ಟಾ ಇದೆ ಕೇಳಿ. ಇಲ್ಲಿ 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ದೋಷ ಇದ್ರೆ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು, ಆಮೇಲೆ ಆದ್ರೆ ರಿಪೇರಿಗೋ ಬದಲಿಗೋ ಅವಕಾಶ ಕೊಡಬೇಕು, ಮೊದಲ ಆರು ತಿಂಗಳಲ್ಲಿ ಕಾಣಿಸಿಕೊಂಡ ದೋಷ ಮೊದಲಿಂದಾನೇ ಇತ್ತು ಅಂತ ಇಟ್ಕೋತಾರೆ, ಇಲ್ಲ ಅಂತ ತೋರಿಸೋದು ಅಂಗಡಿಯೋರ ತಲೆನೋವು. ಆದ್ರೆ ಈ ಹಕ್ಕೆಲ್ಲ ಕೊಂಡವನದು! ಗಿಫ್ಟ್ ಇಸ್ಕೊಂಡವನು ಒಪ್ಪಂದದಲ್ಲೇ ಇಲ್ಲ. ಅದಕ್ಕೇ ಇಲ್ಲಿ ಕ್ರಿಸ್‌ಮಸ್ ಟೈಮಲ್ಲಿ ‘ಗಿಫ್ಟ್ ರಸೀದಿ’ ಅಂತ ಬೆಲೆ ಇಲ್ಲದ ಒಂದು ಚೀಟಿ ಕೊಡ್ತಾರೆ, ಅದನ್ನ ಡಬ್ಬದೊಳಗೆ ಹಾಕಿದ್ರೆ ಇಸ್ಕೊಂಡೋರೇ ಹೋಗಿ ಬದಲಾಯಿಸ್ಕೋಬಹುದು. ಆ ವಿಷಯದಲ್ಲಿ ನಮ್ಮೂರ ಕಾನೂನೇ ಧಾರಾಳ ಅಂತ ಇವತ್ತು ಗೊತ್ತಾಯ್ತು. ಮೊದಲ ವರ್ಷ ನಾನು ಸಹೋದ್ಯೋಗಿಯೊಬ್ಬರಿಗೆ ಸ್ವೆಟರ್ ಕೊಟ್ಟೆ, ಅವರು ಕಣ್ಣು ಮಿಟುಕಿಸ್ದೆ ‘ರಸೀದಿ ಇದ್ಯಾ’ ಅಂದ್ರು, ನಂಗೆ ಎರಡು ದಿನ ನಿದ್ದೆ ಬರ್ಲಿಲ್ಲ 😅 ಈಗ ನಾನೇ ಮೊದ್ಲು ಚೀಟಿ ಇಡ್ತೀನಿ.

ಒಗ್ಗರಣೆ_ಮೈಸೂರು
ಅಯ್ಯೋ ಗುಮಾಸ್ತರೇ 30 ದಿನ ಅಂದ್ರಲ್ಲ, ಗೃಹಪ್ರವೇಶ ಆಗಿ ಇವತ್ತಿಗೆ 26 ದಿನ. ಮಾವ ತಗೊಂಡಿದ್ದು ಅದಕ್ಕೂ ಮುಂಚೆ ಅಲ್ವಾ. ಮುಗೀತಾ ಹಾಗಾದ್ರೆ?

ಲಾಯರಲ್ಲ_ಗುಮಾಸ್ತ
ಗಾಬರಿ ಬೇಡ. ಆ 30 ದಿನ ಅನ್ನೋದು ವಾಪಸ್ ತಗೊಂಡು ದುಡ್ಡು ಕೊಡೋಕೆ ಅಂಗಡಿಯವರ ಮೇಲಿರೋ ಗಡುವಿನ ಮಾತು, ಅದು ದಾಟಿದ ತಕ್ಷಣ ನಿಮ್ಮ ಹಕ್ಕು ಸತ್ತೋಯ್ತು ಅಂತಲ್ಲ. ದೋಷದ ಬಗ್ಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡೋಕೆ ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಟೈಮಿದೆ, ಕಲಂ 69. ಆಯೋಗ ರಿಪೇರಿ ಮಾಡ್ಕೊಡಿ ಅನ್ನಬಹುದು, ಹೊಸದು ಕೊಡಿ ಅನ್ನಬಹುದು, ದುಡ್ಡು ವಾಪಸ್ ಅನ್ನಬಹುದು, ಮೇಲೆ ಪರಿಹಾರನೂ ಹಾಕಬಹುದು. ಕಂಪನಿ ವಾರಂಟಿ ಬೇರೆ, ಅದು ಅದರ ಪಾಡಿಗೆ ಅದು.

ಇನ್ನೊಂದು, ನೀವಿರೋದು ಮೈಸೂರು, ಮಿಕ್ಸಿ ತುಮಕೂರಿಂದು. ಹಳೇ ಕಾಯ್ದೆ ಆಗಿದ್ರೆ ಅಂಗಡಿ ಇರೋ ಊರಿಗೋ ಕಂಪನಿ ಇರೋ ಊರಿಗೋ ಓಡಬೇಕಿತ್ತು. 2019ರ ಕಾಯ್ದೆಯಲ್ಲಿ ದೂರು ಕೊಡೋರು ವಾಸ ಇರೋ ಊರಲ್ಲೇ ಹಾಕಬಹುದು. 5 ಲಕ್ಷದ ಒಳಗಿನ ಸಾಮಾನಿಗೆ ಫೀಸೇ ಇಲ್ಲ, ವಕೀಲರೂ ಕಡ್ಡಾಯ ಇಲ್ಲ (ನಮ್ಮ ಸಾಹೇಬ್ರು ಇದನ್ನ ಓದದಿರಲಿ). ಆನ್‌ಲೈನಲ್ಲಿ ದೂರು ಹಾಕೋಕೆ ಮೊದಲು ಇ-ದಾಖಿಲ್ ಅನ್ನೋ ಸರ್ಕಾರಿ ವೆಬ್‌ಸೈಟ್ ಇತ್ತು, 2025ರ ಜನವರಿಯಿಂದ ಇ-ಜಾಗೃತಿ ಅಂತ ಆಗಿದೆ.

ಎಂತ_ಮಾರಾಯ್ರೆ
ಒಂದು ಮಿಕ್ಸಿಗೆ ಕೋರ್ಟು ಕಚೇರಿ ಎಂತಕ್ಕೆ ಮಾರಾಯ್ರೆ? ಮೊದಲು 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ದುಡ್ಡು ಇಲ್ಲ ಎಂತ ಇಲ್ಲ, ಕನ್ನಡದಲ್ಲೂ ಮಾತಾಡ್ತಾರೆ. ನನಗೆ ಇಸ್ತ್ರಿ ಪೆಟ್ಟಿಗೆ ವಿಷಯದಲ್ಲಿ ಉಪಯೋಗ ಆಗಿದೆ, ಅದೂ ಮದುವೆಗೆ ಬಂದದ್ದೇ. ಕಂಪನಿಯವರು ಎರಡು ತಿಂಗಳು ನಾಳೆ ಬಾ ನಾಡಿದ್ದು ಬಾ ಅಂತ ಆಡಿಸಿದ್ದರು, ಅಲ್ಲಿ ದೂರು ನಂಬರ್ ಬಿದ್ದ ಮೇಲೆ ಒಂಬತ್ತನೇ ದಿನಕ್ಕೆ ಹೊಸದು ಮನೆಗೆ ಬಂತು. ಅವರಿಗೆ ತೀರ್ಪು ಕೊಡುವ ಅಧಿಕಾರ ಇಲ್ಲ, ಕಂಪನಿಗೆ ಕಳಿಸಿ ಉತ್ತರ ಕೇಳ್ತಾರೆ ಅಷ್ಟೆ, ಆದರೆ ಹೆಚ್ಚಿನವಕ್ಕೆ ಅಷ್ಟೇ ಸಾಕು. ಸೀರಿಯಲ್ ನಂಬರಿನ ಫೋಟೋ, ಸುಟ್ಟದ್ದರ ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ, ಜಾರನ್ನು ತೊಳೆದು ಚಂದ ಮಾಡಿ ಇಡಬೇಡಿ ಮತ್ತೆ.

ಒಗ್ಗರಣೆ_ಮೈಸೂರು
ತೊಳೆದು ಒರೆಸಿ ಇಟ್ಟಾಯ್ತು 🤦 ಆದ್ರೆ ಬುಡದ ಲೇಬಲ್ ಫೋಟೋ ತೆಗೆದೆ. ಒಂದು ವಿಚಿತ್ರ ಅಂದ್ರೆ ತಯಾರಾದ ತಿಂಗಳು ಅಂತ ಇರೋದು ಹದಿನಾಲ್ಕು ತಿಂಗಳ ಹಿಂದಿಂದು. ಹೊಸ ಮಿಕ್ಸಿ ಅಲ್ವಾ ಇದು?

ಗೊರವನಹಳ್ಳಿ_ಬಸ್ಸು
ಹಾಹಾ ಮೇಡಂ, ಅರ್ಥ ಆಯ್ತಲ್ಲ. ಅದು ಸುತ್ತಿಕೊಂಡು ಬಂದಿರೋ ಮಿಕ್ಸಿ. ನಿಮ್ಮ ಮಾವನಿಗೆ ಯಾರೋ ಕೊಟ್ಟಿದ್ದು, ಅಟ್ಟದ ಮೇಲಿತ್ತು, ಈಗ ನಿಮಗೆ. ನಮ್ಮನೇಲಿ ಒಂದು ಕುಕ್ಕರ್ ಇತ್ತು, ನಾಲ್ಕು ಮದುವೆ ಸುತ್ತಿ ನಮ್ಮನೆಗೇ ವಾಪಸ್ ಬಂತು, ಡಬ್ಬದ ಮೂಲೇಲಿ ನಮ್ಮಜ್ಜಿ ಪೆನ್ನಲ್ಲಿ ಬರೆದಿದ್ದ ಲೆಕ್ಕ ಹಾಗೇ ಇತ್ತು, ಹಾಲಿನವನಿಗೆ 240 ಬಾಕಿ ಅಂತ.

ಒಗ್ಗರಣೆ_ಮೈಸೂರು
ನಮ್ ಮಾವ ಹಾಗ್ ಮಾಡೋರಲ್ಲ ರೀ. (ಅಂತ ಬರೀತಿದೀನಿ, ಆದ್ರೆ ಈಗ ಡೌಟು ಶುರುವಾಯ್ತು.)

ಅಂಗಡಿ_ಮಾವ
ಸುಮ್ನೆ ಮನೆಯೋರ ಮೇಲೆ ಡೌಟ್ ಹಾಕಬೇಡಿ. ಮಾಲು ಗೋಡೌನಲ್ಲಿ ಒಂದು ವರ್ಷ ಕೂತಿರೋದು ಸಾಮಾನ್ಯ, ನನ್ ಅಂಗಡೀಲೇ ಇದೆ. ಅದಕ್ಕೇ ಬಿಲ್ ತಾರೀಖು ಮುಖ್ಯ. ವಾರಂಟಿ ಶುರುವಾಗೋದು ಮಾರಿದ ದಿನದಿಂದ, ತಯಾರಾದ ದಿನದಿಂದ ಅಲ್ಲ. ಬಿಲ್ ಇಲ್ಲ ಅಂದ್ರೆ ಕೆಲವು ಕಂಪನಿಯೋರು ಸೀರಿಯಲ್ ನಂಬರ್ ನೋಡಿ ತಯಾರಾದ ತಿಂಗಳಿಂದಾನೇ ಲೆಕ್ಕ ಹಾಕ್ಬಿಡ್ತಾರೆ, ನಿಮಗೆ ಹದಿನಾಲ್ಕು ತಿಂಗಳು ಗಾಳೀಲಿ ಹೋಯ್ತು.

ಬಿಲ್ ಕಾಗದ ಕಳೆದೋದ್ರೂ ಪರವಾಗಿಲ್ಲ ನೋಡಿ. ಕಂಪ್ಯೂಟರ್ ಬಿಲ್ ಮಾಡೋ ಅಂಗಡಿ ಆದ್ರೆ ಕೊಂಡೋರ ಮೊಬೈಲ್ ನಂಬರ್ ಹೊಡೆದ್ರೆ ಬರುತ್ತೆ, ಇನ್ನೊಂದು ಪ್ರತಿ ತೆಗೆದುಕೊಡ್ತೀವಿ. ಫೋನ್‌ಪೇನೋ ಗೂಗಲ್‌ಪೇನೋ ಮಾಡಿದ್ರೆ ಅದರ ಹಿಸ್ಟರಿಲಿ ತಾರೀಖು, ಮೊತ್ತ, ಅಂಗಡಿ ಹೆಸರು ಮೂರೂ ಇರುತ್ತೆ. ನಿಮಗೆ ಬೇಕಾಗಿರೋದು ಮಾವನ ಬಿಲ್ ಅಲ್ಲ ಮೇಡಂ, ಅಂಗಡಿ ಹೆಸರು.

ಲಾಯರಲ್ಲ_ಗುಮಾಸ್ತ
ಇದು ಲಕ್ಷ ರೂಪಾಯಿ ಮಾತು. ಆಯೋಗದಲ್ಲೂ ಕೇಳೋದು ದುಡ್ಡು ಕೊಟ್ಟು ಕೊಂಡಿದ್ದಕ್ಕೆ ಪುರಾವೆ, ಬ್ಯಾಂಕ್ ಸ್ಟೇಟ್‌ಮೆಂಟೂ ಪುರಾವೆನೇ. ಅಲ್ಲಿವರೆಗೂ ಹೋದ್ರೆ ಮಾವನ ಕೈಲಿ ಅರ್ಧ ಪುಟದ ಪತ್ರ ಬರೆಸ್ಕೊಳಿ, ಇಂಥ ದಿನ ಕೊಂಡು ಸೊಸೆಗೆ ಉಡುಗೊರೆ ಕೊಟ್ಟೆ ಅಂತ.

ಒಗ್ಗರಣೆ_ಮೈಸೂರು
ಸೊಸೆ ಅಲ್ಲ ಸಾರ್, ನಾನು ಅವರ ಅಕ್ಕನ ಮಗಳು. ನಮ್ಮಮ್ಮನ ತಮ್ಮ ಅವರು.

ಲಾಯರಲ್ಲ_ಗುಮಾಸ್ತ
ನಮ್ಮ ಕಡೆ ಅಕ್ಕನ ಮಗಳನ್ನೂ ಸೊಸೆ ಅಂತಾನೇ ಕರೀತಾರೆ ತಾಯಿ 🙏

ಕೊಡಗಿನ_ಕಾಫಿ
ಆನ್‌ಲೈನ್ ಗಿಫ್ಟಿಂದು ಇನ್ನೊಂದು ಥರ ಪಜೀತಿ. ಗೆಳತಿ ನನ್ನ ಹುಟ್ಟುಹಬ್ಬಕ್ಕೆ ಬ್ಯಾಗ್ ಕಳಿಸಿದ್ಲು, ಜಿಪ್ ಕಿತ್ತೋಗಿತ್ತು. ರಿಟರ್ನ್ ಬಟನ್ ಇರೋದು ಅವಳ ಅಕೌಂಟಲ್ಲಿ, ಪಿಕಪ್ ಒಟಿಪಿ ಅವಳ ಫೋನಿಗೆ, ದುಡ್ಡು ವಾಪಸ್ ಹೋಗೋದು ಅವಳ ಕಾರ್ಡಿಗೆ. ಗುಟ್ಟಾಗಿ ಮಾಡೋಕೆ ದಾರಿನೇ ಇಲ್ಲ. ಅದೂ ಹುಟ್ಟುಹಬ್ಬ ಕಳೆದು ಐದು ದಿನ ಆದ್ಮೇಲೆ ಬಂದಿದ್ದು.

ಲಾಯರಲ್ಲ_ಗುಮಾಸ್ತ
ತಡವಾಗಿ ಬಂದಿದ್ದೇ ಒಂದು ಕಾರಣ ಆಗುತ್ತೆ ಗೊತ್ತಾ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷ ಇದ್ರೆ, ನಕಲಿ ಆಗಿದ್ರೆ, ತೋರಿಸಿದ ಹಾಗೆ ಇಲ್ದಿದ್ರೆ, ಹೇಳಿದ ದಿನಕ್ಕಿಂತ ಲೇಟಾಗಿ ಬಂದಿದ್ರೂ ಮಾರಿದವರು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಪ್ರವಾಹ ಗಿವಾಹ ಆಗಿ ಲೇಟಾಗಿದ್ರೆ ಬೇರೆ ಮಾತು. ಪ್ರತಿ ಆಪ್‌ನಲ್ಲೂ ಕುಂದುಕೊರತೆ ಅಧಿಕಾರಿ ಅಂತ ಒಬ್ಬರ ಹೆಸರು ಹಾಕಿರಬೇಕು, ಎಲ್ಲೋ ತೀರಾ ಕೆಳಗೆ ಸಣ್ಣಕ್ಷರದಲ್ಲಿರುತ್ತೆ, ದೂರು ಬಂತು ಅಂತ 48 ಗಂಟೇಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಚಾಟಲ್ಲಿ ಬರೋ ಯಂತ್ರದ ಜೊತೆ ಜಗಳ ಆಡೋ ಬದಲು ಆ ಅಧಿಕಾರಿಗೆ ಮೇಲ್ ಹಾಕಿ.

ರಾಗಿರೊಟ್ಟಿ_77
ಕೊಂಡೋರ ಅಕೌಂಟು ಅಂದಾಗ ನೆನಪಾಯ್ತು, ಇದು ಬರೀ ಮುಜುಗರದ ವಿಷಯ ಅಲ್ಲ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐಎಸ್ಐ ಗುಣಮಟ್ಟ ಇಲ್ಲದ ಪ್ರೆಶರ್ ಕುಕ್ಕರ್ ಮಾರಾಟಕ್ಕೆ ಬಿಟ್ಟಿದ್ದಕ್ಕೆ ಅಮೆಜಾನಿಗೆ 1 ಲಕ್ಷ ದಂಡ ಹಾಕಿ, ಮಾರಿದ್ದ 2,265 ಕುಕ್ಕರ್ ಕೊಂಡೋರಿಗೆಲ್ಲ ತಿಳಿಸಿ ವಾಪಸ್ ತಗೊಂಡು ದುಡ್ಡು ಕೊಡಿ ಅಂತ ಆದೇಶ ಮಾಡಿತ್ತು. ಈಗ ಯೋಚ್ನೆ ಮಾಡಿ, ಕುಕ್ಕರ್ ಅಂದ್ರೆ ನಮ್ಮಲ್ಲಿ ಮದುವೆ ಗಿಫ್ಟು. ಮೆಸೇಜು ಹೋಗೋದು ಕೊಂಡ ಚಿಕ್ಕಪ್ಪನಿಗೆ, ಸೀಟಿ ಹೊಡೀತಿರೋದು ಇನ್ಯಾರದೋ ಮನೇಲಿ. ಚಿಕ್ಕಪ್ಪ ಫೋನ್ ಮಾಡಿ ‘ನಾನ್ ಕೊಟ್ಟ ಕುಕ್ಕರ್ ಸರಿಯಿಲ್ವಂತೆ’ ಅಂತಾರಾ? ದಾಕ್ಷಿಣ್ಯಕ್ಕೆ ಸುಮ್ನಿದ್ಬಿಡ್ತಾರೆ. ಅಡಿಗೆಮನೆ ಸಾಮಾನು ಗಿಫ್ಟ್ ಬಂದ್ರೆ ಐಎಸ್ಐ ಗುರುತು ನೀವೇ ನೋಡ್ಕೊಳಿ.

ಚಿನ್ನದಗಿರಿ
ಚಿನ್ನಕ್ಕೆ ಆ ತಾಪತ್ರಯ ಇಲ್ಲ, ಬಿಲ್ ಇಲ್ದೇನೂ ಪರೀಕ್ಷೆ ಮಾಡಬಹುದು. ಮಗಳ ನಾಮಕರಣಕ್ಕೆ ಬಂದ ಉಂಗುರ, ಸರ ಎಲ್ಲ ಇಟ್ಕೊಂಡು ಒಂದಿನ ಭೂತಗನ್ನಡಿ ಹಿಡ್ಕೊಂಡು ಕೂತೆ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರೋ ಹಾಲ್‌ಮಾರ್ಕ್ ಒಡವೆ ಮೇಲೆ ಆರು ಅಕ್ಷರ ಅಂಕಿಯ ಎಚ್‌ಯುಐಡಿ, ಅಂದ್ರೆ ಆ ಒಡವೆಯ ಗುರುತಿನ ನಂಬರ್, ಇರಲೇಬೇಕು, ಬಿಐಎಸ್ (ಹಾಲ್‌ಮಾರ್ಕ್ ನೋಡ್ಕೊಳೋ ಸರ್ಕಾರಿ ಸಂಸ್ಥೆ) ಕೇರ್ ಆಪಲ್ಲಿ ಅದನ್ನ ಹೊಡೆದ್ರೆ ಏನೊಡವೆ, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆ ಆಗಿದೆ ಎಲ್ಲ ಬರುತ್ತೆ. ಒಂದು ಉಂಗುರದ ನಂಬರ್ ಹೊಡೆದಾಗ ಆಪಲ್ಲಿ ‘ಓಲೆ’ ಅಂತ ಬಂತು! ಅದನ್ನ ಕೊಟ್ಟೋರು ನಮ್ಮ ಮನೆಯವರ ಬಾಸು, ಕೇಳೋ ಧೈರ್ಯ ಯಾರಿಗಿದೆ. ಗುರುತು ಹಾಕಿದ್ದಕ್ಕಿಂತ ಶುದ್ಧತೆ ಕಮ್ಮಿ ಬಂದ್ರೆ ವ್ಯತ್ಯಾಸದ ಎರಡರಷ್ಟು ಪರಿಹಾರ, ಜೊತೆಗೆ ಪರೀಕ್ಷೆ ಖರ್ಚು ಕೊಡಬೇಕು ಅಂತ ಬಿಐಎಸ್ ನಿಯಮದಲ್ಲೇ ಇದೆ. ಹಳೇ ಥರದ ಗುರುತಿರೋ ಒಡವೆ ಮನೇಲಿದ್ರೆ ಅದೇನೂ ಅಮಾನ್ಯ ಆಗಿಲ್ಲ, ಹೆದರಬೇಡಿ.

ಎಂತ_ಮಾರಾಯ್ರೆ
ಇಷ್ಟೆಲ್ಲ ರಗಳೆ ಯಾಕೆ, ಗಿಫ್ಟ್ ಕಾರ್ಡ್ ಕೊಟ್ಟರೆ ಮುಗೀತಲ್ಲ.

ಕೊಡಗಿನ_ಕಾಫಿ
ಅದೂ ನೋಡಿಯೇ ಕೊಡಬೇಕು. ಬ್ಯಾಂಕಿನವರು ಕೊಡೋ ಗಿಫ್ಟ್ ಕಾರ್ಡಿಗೆ ಆರ್‌ಬಿಐ ನಿಯಮ ಇದೆ, 10,000 ರೂಪಾಯಿ ಮೀರೋ ಹಾಗಿಲ್ಲ, ಕನಿಷ್ಠ ಒಂದು ವರ್ಷ ನಡೀಬೇಕು. ಆದ್ರೆ ಒಂದೇ ಅಂಗಡೀಲಿ ಮಾತ್ರ ನಡೆಯೋ ವೋಚರು ಆ ನಿಯಮದೊಳಗೆ ಬರಲ್ಲ, ಮೂರು ತಿಂಗಳು ಅಂತ ಹಾಕಿದ್ರೆ ಮೂರೇ ತಿಂಗಳು. ನನ್ ಹತ್ರ ಇರೋ ಒಂದು ಬಟ್ಟೆ ಅಂಗಡಿ ವೋಚರನ್ನ ಈಗ ಪುಸ್ತಕಕ್ಕೆ ಗುರುತು ಇಡೋಕೆ ಬಳಸ್ತಾ ಇದೀನಿ.

ಪೇಡೆ_ಧಾರವಾಡ
ಮೈಸೂರ ಅಕ್ಕಾರ, ಮಾವಗ ಫೋನ್ ಮಾಡ್ರೋ ಇಲ್ಲೋ? ಇಲ್ಲೆ ಎಲ್ಲಾರೂ ಕಾದು ಕುಂತೀವಿ.

ಒಗ್ಗರಣೆ_ಮೈಸೂರು
ಬಂದೆ ಬಂದೆ. ಮಾವನಿಗಲ್ಲ, ಅತ್ತೆಗೆ ಮಾಡಿದೆ. ಅಂಗಡಿ ಮಾವ ಹೇಳಿದ ಹಾಗೆ ಬಿಲ್ ಮಾತೇ ಎತ್ತಲಿಲ್ಲ. ‘ಅತ್ತೆ, ಮಿಕ್ಸಿ ಜೊತೆಗೆ ಇನ್ನೊಂದು ಸಣ್ಣ ಜಾರ್ ಬೇಕಿತ್ತು, ಅದೇ ಕಂಪನಿದು ಇಲ್ಲಿ ಸಿಗ್ತಾ ಇಲ್ಲ, ಯಾವ ಅಂಗಡೀಲಿ ತಗೊಂಡ್ರಿ?’ ಅಂದೆ. ತಕ್ಷಣ ಅಂಗಡಿ ಹೆಸರು, ಅದು ಯಾವ ರಸ್ತೆ, ಎದುರುಗಡೆ ಯಾವ ಹೋಟ್ಲು, ಅವತ್ತು ಮಾವ ಅಲ್ಲಿ ಏನ್ ತಿಂದ್ರು, ಎಲ್ಲ ಬಂತು. ಅಂಗಡಿಗೆ ಫೋನ್ ಮಾಡಿ ಮಾವನ ಮೊಬೈಲ್ ನಂಬರ್ ಹೇಳ್ದೆ. ಮೊದ್ಲು ‘ಅವರೇ ಮಾತಾಡ್ಲಿ’ ಅಂದ್ರು, ನಾನು ಕಲಂ 2(7) ಅಂದೆ, ಆ ಕಡೆ ಒಂದು ನಿಮಿಷ ಮೌನ, ಆಮೇಲೆ ಸೀರಿಯಲ್ ನಂಬರ್ ಫೋಟೋ ಕಳಿಸಿ ಅಂದ್ರು. ಕಳಿಸ್ದೆ. ಬಿಲ್ಲಿನ ಪ್ರತಿ ವಾಟ್ಸಾಪಲ್ಲಿ ಬಂತು. ತಾರೀಖು ಗೃಹಪ್ರವೇಶಕ್ಕೆ ಸರಿಯಾಗಿ ನಾಲ್ಕು ದಿನ ಮುಂಚೆ!! ಗೊರವನಹಳ್ಳಿಯವರೇ, ನಮ್ಮ ಮಾವ ಸುತ್ತಿಸಿ ಕೊಟ್ಟಿದ್ದಲ್ಲ, ಕೊಂಡುಕೊಟ್ಟಿದ್ದು. ಬೆಲೆ ನೋಡಿ ಮಾತ್ರ ಕಣ್ಣಲ್ಲಿ ನೀರು ಬಂತು, ಅಷ್ಟು ಕೊಟ್ಟಿದಾರೆ ಅಂತ ಅಂದ್ಕೊಂಡಿರ್ಲಿಲ್ಲ.

ಗೊರವನಹಳ್ಳಿ_ಬಸ್ಸು
ಮಾವನ ಕಾಲಿಗೆ ನಂದೂ ಒಂದು ನಮಸ್ಕಾರ ಹೇಳಿ. ತಪ್ಪಾಯ್ತು.

ಲಾಯರಲ್ಲ_ಗುಮಾಸ್ತ
ಸರ್ವಿಸ್ ಸೆಂಟರಿಗೆ ಕೊಡುವಾಗ ಜಾಬ್ ಶೀಟ್ ತಗೊಳಿ, ಅದ್ರಲ್ಲಿ ‘ಮೋಟರ್ ಸುಟ್ಟಿದೆ, ಜಾರ್ ಸೋರುತ್ತೆ’ ಅಂತ ಎರಡೂ ಬರೆಸಿ. ‘ಚೆಕ್ ಮಾಡಬೇಕು’ ಅಂತ ಮಾತ್ರ ಗೀಚಿಕೊಟ್ರೆ ಒಪ್ಪಬೇಡಿ. ಮುಂದೆ ಏನಾದ್ರೂ ಆದ್ರೆ ಆ ಚೀಟಿನೇ ಆಧಾರ.

ಒಗ್ಗರಣೆ_ಮೈಸೂರು
ಕೊಟ್ಟು ಬಂದೆ, ಬರೆಸ್ಕೊಂಡೆ. ಮೊದ್ಲು ‘ನೀರು ಹೋಗಿದೆ ಮೇಡಂ, ಇದು ಬಳಕೆಯೋರ ತಪ್ಪು’ ಅಂತ ಶುರು ಮಾಡಿದ ಹುಡುಗ. ನೀರು ಹೋಗಿದ್ದು ನಿಮ್ಮ ಜಾರ್ ಸೋರಿದ್ದಕ್ಕೆ ಕಣಪ್ಪ, ನಾನು ಲೋಟದಲ್ಲಿ ಹುಯ್ದಿಲ್ಲ ಅಂದೆ. ಅವನೇ ಜಾರಿಗೆ ನೀರು ಹಾಕಿ ಟಿಶ್ಯೂ ಮೇಲಿಟ್ಟ, ಎರಡು ನಿಮಿಷಕ್ಕೆ ಟಿಶ್ಯೂ ಒದ್ದೆ. ಆಮೇಲೆ ಮಾತಾಡ್ಲಿಲ್ಲ. ಶನಿವಾರಕ್ಕೆ ಬಾ ಅಂದಿದಾರೆ.

ಒಗ್ಗರಣೆ_ಮೈಸೂರು
ಅಪ್ಡೇಟ್: ಶನಿವಾರ ಅಂದಿದ್ದು ಮಂಗಳವಾರ ಆಯ್ತು, ರಿಪೇರಿ ಅಲ್ಲ, ಹೊಸ ಪೀಸೇ ಕೊಟ್ರು. ವಾರಂಟಿ ಕಾರ್ಡಿಗೆ ಎದುರಿಗೇ ಕೂತು ಸೀಲ್ ಹಾಕ್ಸಿದೆ. ನಿನ್ನೆ ಸಂಜೆ ಮಾವ ಫೋನ್ ಮಾಡಿದ್ರು, ‘ಮಿಕ್ಸಿ ಚೆನ್ನಾಗ್ ನಡೀತಾ ಇದ್ಯೇನಮ್ಮ’ ಅಂತ. ಹೊಸದರಂಗಿದೆ ಮಾವ ಅಂದೆ, ಸುಳ್ಳಲ್ಲವಲ್ಲ. ‘ಸಣ್ಣ ಜಾರ್ ಬೇಕು ಅಂದ್ಯಂತೆ, ನಾಳೆ ಬಸ್ಸಲ್ಲಿ ಕಳಿಸ್ತೀನಿ’ ಅಂದ್ರು.

ಅಂಗಡಿ_ಮಾವ
ಜಾರ್ ಬಿಲ್ ಕೇಳೋದು ಮರೀಬೇಡಿ 😄

ಒಗ್ಗರಣೆ_ಮೈಸೂರು
ಇನ್ನು ಆ ಮೂರು ಗಡಿಯಾರ ಉಳ್ಕೊಂಡಿದೆ, ಒಂದರಲ್ಲಿ ಗಣಪತಿ, ಎರಡರಲ್ಲಿ ನವಿಲು. ನಡೆಯುತ್ತೆ, ದೋಷ ಇಲ್ಲ, ಹಾಗಾಗಿ ಕಾನೂನು ಪ್ರಕಾರ ಏನೂ ಮಾಡೋಕಾಗಲ್ಲ. ಮೈಸೂರು ಕಡೆ ಯಾರಿಗಾದ್ರೂ ಬೇಕಿದ್ರೆ ಹೇಳಿ. ಬಿಲ್ ಇಲ್ಲ.